ಬೆನ್ನುಹುರಿಯೂ ಬಾವಿಯ ನೀರೂ



ಶಹಾಪುರವನ್ನು ಬಲ್ಲವರಿಗೆಲ್ಲ ಅಲ್ಲಿಯ ಮಲಗಿದ ಬುದ್ಧನ ಬೆಟ್ಟ ಗೊತ್ತು. ದೂರದಿಂದ ನೋಡಿದರೆ ಆ ಗುಡ್ಡಗಳ ಸಾಲು ಅಂಗಾತ ಮಲಗಿದ ಪುರುಷನೊಬ್ಬನ ಹಣೆ, ಮೂಗು, ಎದೆಗಳಂತೆ ತೋರುತ್ತದೆ. ಯಾದಗಿರಿಯ ಕೋಟೆಯನ್ನು ಹೊತ್ತು ನಿಂತಿರುವುದೂ, ಸುರಪುರವನ್ನು ಸುತ್ತುವರಿದು ಕಾದಿರುವುದೂ ಇದೇ ಜಾತಿಯ ಗ್ರಾನೈಟು ಕಲ್ಲು. ಈ ಕಲ್ಲಿನ ಚೆಲುವನ್ನು ನಾನೂ ತರಗತಿಗಳಲ್ಲಿ ಸಾಕಷ್ಟು ಬಣ್ಣಿಸಿದ್ದೇನೆ. ಆದರೆ ಅದರೊಳಗಣ ಒಂದು ಪದಾರ್ಥ ನೀರಿನಲ್ಲಿ ಕರಗಿ ಕೊಡದೊಳಗೆ ಬರುತ್ತದೆ, ಕೊಡ ಹೊತ್ತವರ ಮೂಳೆಯನ್ನು ಸೇರುತ್ತದೆ, ಕಡೆಗೆ ಬೆನ್ನುಹುರಿಯನ್ನೇ ಹಿಸುಕಬಲ್ಲದು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅದೂ ನನ್ನ ಸ್ವಂತ ಅಣ್ಣನ ದೆಸೆಯಿಂದ. ಇಂದು ಆ ಚರಿತ್ರೆಯನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಾನು ವೈದ್ಯನಲ್ಲ, ಕನ್ನಡ ಎಂ.ಎ. ಮಾಡಿ, ಮೂರು ದಶಕಕ್ಕೂ ಮಿಕ್ಕು ಕನ್ನಡವನ್ನೇ ಬೋಧಿಸಿ ನಿವೃತ್ತನಾದವನು. ಆದುದರಿಂದ ನನಗೆ ಪರಿಚಿತವಾದ ಬಾಗಿಲಿನಿಂದಲೇ, ಎಂದರೆ ಮಾತಿನ ಬಾಗಿಲಿನಿಂದಲೇ, ವಿಷಯವನ್ನು ಪ್ರವೇಶಿಸುತ್ತೇನೆ. ನಮ್ಮ ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಶಬ್ದ ರಕ್ತನಾಳಕ್ಕೂ ಸಲ್ಲುತ್ತದೆ, ಮಾಂಸವನ್ನು ಎಲುಬಿಗೆ ಬಿಗಿಯುವ ನಾರಿಗೂ ಸಲ್ಲುತ್ತದೆ, ಮಿದುಳಿನ ಸುದ್ದಿಯನ್ನು ಹೊತ್ತೊಯ್ಯುವ ತಂತುವಿಗೂ ಸಲ್ಲುತ್ತದೆ. ಕೈಯ ಮೇಲೆ ನರ ಉಬ್ಬಿದೆ ಎನ್ನುತ್ತೇವೆ, ಕುತ್ತಿಗೆಯಲ್ಲಿ ನರ ಹಿಡಿದಿದೆ ಎನ್ನುತ್ತೇವೆ. ಇದು ನಮ್ಮವರ ಅಜ್ಞಾನವೆಂದು ನಗುವ ಕಾರಣವಿಲ್ಲ. ಇಂದಿನ ವೈದ್ಯಶಾಸ್ತ್ರ ನರಕ್ಕೆ ಬಳಸುವ ಗ್ರೀಕ್ ಮೂಲದ ‘ನ್ಯೂರಾನ್’ ಎಂಬ ಶಬ್ದಕ್ಕೂ ಮೊದಲ ಅರ್ಥ ಸ್ನಾಯುವಿನ ನಾರು, ಬಿಲ್ಲಿನ ಹೆದೆ ಎಂದೇ. ಬಿಲ್ಲುವಿದ್ಯೆಗೆ ಹೆಸರಾದ ಸುರಪುರದ ಬೇಡರಿಗೆ ಈ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

‘ಹುರಿ’ ಎಂಬುದು ಇನ್ನೂ ಚೆಲುವಾದ ಮಾತು. ಎಳೆಗಳನ್ನು ಸೇರಿಸಿ ಹೊಸೆದದ್ದು ಹುರಿ. ಹುರಿಗೊಂಡದ್ದು ಬಲವಾದದ್ದು, ಹುರಿಯಾಳು ಎಂದರೆ ಎದುರಾಳಿಗೆ ಸರಿಸಮನಾಗಿ ನಿಲ್ಲುವ ವೀರ. ಬೆನ್ನಿನೊಳಗಣ ಆ ಮೃದುವಾದ ಅಂಗಕ್ಕೆ ‘ಬೆನ್ನುಹುರಿ’ ಎಂದು ಹೆಸರಿಟ್ಟವರು ಯಾರೋ, ಅವರಿಗೆ ನೂಲಿನ ಕೆಲಸ ಗೊತ್ತಿದ್ದಿರಬೇಕು. ಸುರಪುರ ಸೀಮೆಯ ಮುದನೂರು ನೇಕಾರ ವಚನಕಾರ ದಾಸಿಮಯ್ಯನ ಊರೆಂಬುದು ಇಲ್ಲಿ ನೆನಪಾಗುತ್ತದೆ. (ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬನೇ ಇಬ್ಬರೇ ಎಂಬ ವಿದ್ವಾಂಸರ ಜಗಳವನ್ನು ಇಂದು ಕೆದಕುವುದಿಲ್ಲ.) ಯೋಗಗ್ರಂಥಗಳ ಸುಷುಮ್ನಾ ನಾಡಿ ಎಂದರೆ ಈ ಬೆನ್ನುಹುರಿಯೇ ಎಂದು ಹೇಳುವವರಿದ್ದಾರೆ. ನನಗೆ ಆ ಸಮೀಕರಣ ಒಪ್ಪಿಗೆಯಾಗಿಲ್ಲ. ಸಾಧಕರು ಅನುಭವದ ದಾರಿಯೊಂದನ್ನು ಹೇಳುತ್ತಿದ್ದರು. ಶವವನ್ನು ಕೊಯ್ದು ಅಳೆದವರು ಬೇರೆಯದನ್ನು ಹೇಳುತ್ತಿದ್ದರು. ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಅಳೆದವರು ಹೇಳುವುದು ಹೀಗೆ. ಬೆನ್ನೆಲುಬು ಒಂದೇ ಎಲುಬಲ್ಲ. ಒಂದರ ಮೇಲೊಂದು ಪೇರಿಸಿದ ಮಣಿಗಳ ಕಂಬ. ಪ್ರತಿಯೊಂದು ಮಣಿಯ ಹಿಂಬದಿಯಲ್ಲಿ ಒಂದು ಕಮಾನು, ಕಮಾನಿನೊಳಗೆ ಒಂದು ತೂತು. ಮಣಿಗಳೆಲ್ಲ ಕೂಡಿದಾಗ ಆ ತೂತುಗಳು ಸೇರಿ ಒಂದು ಕೊಳವೆಯಾಗುತ್ತದೆ. ಆ ಕೊಳವೆಯಲ್ಲಿ, ಮೂರು ಪೊರೆಗಳ ಒಳಗೆ, ತಿಳಿನೀರಿನಂಥ ದ್ರವದಲ್ಲಿ ತೇಲುತ್ತ ಬೆನ್ನುಹುರಿ ಇಳಿದಿರುತ್ತದೆ. ಗಂಡಸರಲ್ಲಿ ಅದರ ಉದ್ದ ಸುಮಾರು 45 ಸೆಂಟಿಮೀಟರು, ಹೆಂಗಸರಲ್ಲಿ ಸ್ವಲ್ಪ ಕಡಿಮೆ, ದಪ್ಪ ಕಿರುಬೆರಳಿನಷ್ಟು. ಕೊಳವೆ ಕೆಳಗಿನವರೆಗೂ ಹೋಗುತ್ತದೆ, ಹುರಿ ಮಾತ್ರ ಸೊಂಟದ ಮೊದಲ ಎರಡು ಮಣಿಗಳ ಬಳಿಯಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳ ಎಳೆಗಳು ಮಾತ್ರ ಜೋತಾಡುತ್ತವೆ. ಅದನ್ನು ವೈದ್ಯರು ಕುದುರೆಯ ಬಾಲವೆಂದೇ ಕರೆಯುತ್ತಾರೆ.

ಹುರಿಯಿಂದ ಎರಡೂ ಪಕ್ಕಗಳಿಗೆ 31 ಜೊತೆ ನರಗಳು ಹೊರಡುತ್ತವೆ: ಕುತ್ತಿಗೆಯಲ್ಲಿ 8, ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5, ತ್ರಿಕದಲ್ಲಿ 5, ಬಾಲದೆಲುಬಿನ ಬಳಿ ಒಂದು. ಕುತ್ತಿಗೆಯಲ್ಲಿ ಮಣಿಗಳು 7, ನರಗಳು 8 ಹೇಗೆ ಎಂದು ಕೇಳಬಹುದು. ಮೊದಲನೆಯ ನರ ಮೊದಲ ಮಣಿಯ ಮೇಲಿನಿಂದಲೇ, ತಲೆಬುರುಡೆಯ ಕೆಳಗೆ, ನುಸುಳಿಬಿಡುತ್ತದೆ. ಊರೂರಿಗೆ ಹೊಲಗಾಲುವೆಗಳಿದ್ದ ಹಾಗೆ ಒಂದೊಂದು ನರಕ್ಕೂ ಒಂದೊಂದು ಸೀಮೆ. ಹೆಬ್ಬೆರಳಿನ ಚರ್ಮ ಕುತ್ತಿಗೆಯ 6ನೆಯದರ ಪಾಲು, ಕಿರುಬೆರಳು 8ನೆಯದರದು, ಹೊಕ್ಕುಳ ಎದೆಯ 10ನೆಯದರದು. ಬಲ್ಲ ವೈದ್ಯನಿಗೆ ಎಲ್ಲಿ ಜೋಮು ಹಿಡಿದಿದೆಯೆಂದು ಹೇಳಿದರೆ ಸಾಕು, ಎಲ್ಲಿ ತೊಡಕಿದೆಯೆಂದು ಎಣಿಸಿ ಹೇಳುತ್ತಾನೆ.

ಪ್ರತಿಯೊಂದು ನರಕ್ಕೂ ಎರಡು ಬೇರುಗಳು. ಹಿಂದಿನ ಬೇರು ಒಳಗೆ ಸುದ್ದಿ ತರುತ್ತದೆ: ಬಿಸಿ, ತಂಪು, ನೋವು, ಮುಟ್ಟಿದ್ದು. ಮುಂದಿನ ಬೇರು ಹೊರಗೆ ಆಜ್ಞೆ ಒಯ್ಯುತ್ತದೆ: ಎತ್ತು, ಮಡಚು, ಹಿಡಿ. ಇಷ್ಟು ಸರಳವಾದ ಸಂಗತಿಯನ್ನು ಮನುಷ್ಯ ಸ್ಥಿರಪಡಿಸಿಕೊಂಡದ್ದು 19ನೆಯ ಶತಮಾನದಲ್ಲಿ. 1811ರಲ್ಲಿ ಚಾರ್ಲ್ಸ್ ಬೆಲ್ ಎಂಬ ಬ್ರಿಟಿಷ್ ವೈದ್ಯ ಮುಂದಿನ ಬೇರನ್ನು ಕೆಣಕಿದರೆ ಸ್ನಾಯು ಸೆಳೆಯುತ್ತದೆ ಎಂದು ಕಂಡ. 1822ರಲ್ಲಿ ಫ್ರಾನ್ಸಿನ ಮಜಾಂದಿ ಎರಡೂ ಬೇರುಗಳ ಕೆಲಸವನ್ನು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದ. ಕೀರ್ತಿ ಯಾರದೆಂದು ಇಬ್ಬರ ಕಡೆಯವರೂ ಬಹುಕಾಲ ಕಾದಾಡಿದರು. ಕವಿಗಳ ಕಾಲನಿರ್ಣಯದಲ್ಲಿ ನಾವು ಕಾದಾಡುವುದನ್ನು ಕಂಡಿರುವ ನನಗೆ ಇದೇನೂ ಆಶ್ಚರ್ಯವೆನಿಸಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಅದು ಮುಂದೆ ಬೇಕಾಗುತ್ತದೆ. ಎಲ್ಲ ಸುದ್ದಿಯೂ ಮಿದುಳಿನ ದರಬಾರಿಗೆ ಹೋಗಿ ಅಪ್ಪಣೆ ಪಡೆಯಬೇಕಾಗಿಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕಾಲು ತಾನಾಗಿ ಚಿಮ್ಮುತ್ತದೆ. ಆ ತೀರ್ಪು ಬೆನ್ನುಹುರಿಯ ಮಟ್ಟದಲ್ಲೇ ಆಗಿಹೋಗುತ್ತದೆ. 1875ರಲ್ಲಿ ಜರ್ಮನಿಯ ಅರ್ಬ್ ಮತ್ತು ವೆಸ್ಟ್‌ಫಾಲ್ ಎಂಬ ಇಬ್ಬರು ಇದನ್ನು ರೋಗಪರೀಕ್ಷೆಗೆ ತಂದರು. ಮಿದುಳು ಮೇಲಿನಿಂದ ಈ ಚಿಮ್ಮುವಿಕೆಗೆ ಕಡಿವಾಣ ಹಾಕಿರುತ್ತದೆ. ನಡುವೆ ಹುರಿಗೆ ಧಕ್ಕೆಯಾದರೆ ಕಡಿವಾಣ ಕಳಚಿ ಕಾಲು ಮಿತಿಮೀರಿ ಚಿಮ್ಮುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. 1841ರಿಂದ 1853ರವರೆಗೆ ಸುರಪುರದಲ್ಲಿದ್ದು, ಬಾಲಕ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನವನ್ನು ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬನ ಹೆಸರು ತಾವು ಕೇಳಿದ್ದೀರಿ. ಆತ ರಾಜನಕೋಳೂರಿನ ಕಲ್ಲುಮನೆಗಳನ್ನು ವರ್ಣಿಸಿದ, ಜೇವರ್ಗಿಯ ಬಳಿಯ ಪ್ರಾಚೀನ ಕಲ್ಗೋರಿಗಳನ್ನು ಅಗೆಸಿದ. ಅಸ್ಥಿಪಂಜರಗಳು ದೊರೆತವು. ಮಣ್ಣು ಎಲುಬನ್ನು ಉಳಿಸಿಕೊಡುತ್ತದೆ. ಹುರಿಯನ್ನೂ ನರಗಳನ್ನೂ ಉಳಿಸಿಕೊಡುವುದಿಲ್ಲ. ಆ ಜನ ಕೈಯಲ್ಲಿ ಜೋಮು ಹಿಡಿದು ನರಳಿದರೇ ಇಲ್ಲವೇ ಎಂಬುದನ್ನು ಹುರಿ ಹೇಳಲಾರದು, ಏಕೆಂದರೆ ಅದು ಇಲ್ಲ. ಎಲುಬು ಮಾತ್ರ ಒಮ್ಮೊಮ್ಮೆ ಹೇಳಬಲ್ಲದು.

ಆದರೆ ಅವರು ಎಲ್ಲಿಯ ನೀರು ಕುಡಿದರೆಂಬುದನ್ನು ಊಹಿಸಬಹುದು. ಹುಣಸಗಿ ಮತ್ತು ಬೈಚಬಾಳದ ಕಣಿವೆಗಳಲ್ಲಿ ದಶಕಗಳ ಕಾಲ ಅಲೆದ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯನವರು ಅಲ್ಲಿ ಕಲ್ಲಿನ ಕೊಡಲಿಗಳನ್ನು ಬಳಸಿದ ಆದಿಮಾನವರ ನೆಲೆಗಳನ್ನು ಗುರುತಿಸಿದರು. ಅವುಗಳಲ್ಲೊಂದಾದ ಇಸಾಂಪುರಕ್ಕೆ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಹೇಳುತ್ತಾರೆ. ಬೇಸಿಗೆಯಲ್ಲಿ ಆ ಜನ ಬತ್ತದ ಊಟೆಗಳ ಸುತ್ತ ಬಂದು ಸೇರುತ್ತಿದ್ದರೆಂಬುದು ಪದ್ದಯ್ಯನವರ ಅಭಿಪ್ರಾಯ. ಊಟೆಗಳ ನಂತರ ಕೆರೆಗಳು ಬಂದವು. ಸುರಪುರದ ದೊರೆ ಪಾಮನಾಯಕ 17ನೆಯ ಶತಮಾನದಲ್ಲಿ ಕಟ್ಟಿಸಿದ ಬೋನಾಳದ ಕೆರೆಯನ್ನು ಟೇಲರ್ ಮುಂದೆ ಸುಧಾರಿಸಿದ. ಇಂದು ಅದು ಹಕ್ಕಿಗಳ ಬೀಡು. ಕೆರೆಯ ಜೊತೆಗೆ ಮೆಟ್ಟಿಲುಬಾವಿಗಳು, ಸೇದುಬಾವಿಗಳು. ಒಟ್ಟಿನಲ್ಲಿ ಸಾವಿರಾರು ವರ್ಷ ನಮ್ಮ ಜನ ಕುಡಿದದ್ದು ಹೊಳೆಯ ನೀರನ್ನು, ಮಳೆಯ ನೀರನ್ನು, ಮೇಲುಮಣ್ಣಿನಲ್ಲಿ ಇಂಗಿ ಬೇಗನೆ ಮೇಲೆ ಬಂದ ನೀರನ್ನು. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ಆಳದ ನೀರನ್ನು ತಲುಪುವ ಹಗ್ಗ ಯಾರ ಬಳಿಯೂ ಇರಲಿಲ್ಲ.

ಹಳೆಯ ನೀರೆಲ್ಲ ಅಮೃತವಾಗಿತ್ತೆಂದು ಮಾತ್ರ ಹೇಳಲಾರೆ. ನಮ್ಮ ಊರು ಶಹಾಪುರದಿಂದ ಹೆಚ್ಚು ದೂರವಿಲ್ಲದ ಒಂದು ಹಳ್ಳಿ. ಊರಿಗೆಲ್ಲ ಒಂದು ಮೆಟ್ಟಿಲುಬಾವಿ. ಎಲ್ಲರೂ ಕಾಲಿಟ್ಟು ಇಳಿದು ಕೊಡ ಮುಳುಗಿಸುತ್ತಿದ್ದರು. ಅದರಿಂದ ಬಂದದ್ದು ನಾರುಹುಣ್ಣು. ನೀರಿನಲ್ಲಿಯ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಯೊಡನೆ ಹೊಟ್ಟೆ ಸೇರಿದ ಹುಳು ವರ್ಷದ ಹೊತ್ತಿಗೆ ಮೊಳಕ್ಕೂ ಮಿಕ್ಕಿ ಬೆಳೆದು, ಕಾಲಿನ ಚರ್ಮವನ್ನು ಒಡೆದು ಹೊರಬರುತ್ತದೆ. ಒಂಬತ್ತನೆಯ ವಯಸ್ಸಿನಲ್ಲಿ ನನಗೂ ಬಂತು, ನನಗಿಂತ ನಾಲ್ಕು ವರ್ಷ ಹಿರಿಯನಾದ ಅಣ್ಣನಿಗೂ ಬಂತು. ಅಜ್ಜಿ ಹುಳುವಿನ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯುತ್ತಿದ್ದಳು. ತುಂಡಾದರೆ ಕಾಲು ಬಾತು ಕೊಳೆಯುತ್ತಿತ್ತು. ನನ್ನ ಎಡಗಾಲ ಹರಡಿನಲ್ಲಿ ಅದರ ಗುರುತು ಇಂದಿಗೂ ಇದೆ. ಗುಲಬರ್ಗಾ, ರಾಯಚೂರು ಜಿಲ್ಲೆಗಳಲ್ಲಿ ಇದು ಮನೆಮನೆಯ ಪಾಡಾಗಿತ್ತು.

ಆದ್ದರಿಂದ 1970ರ ದಶಕದಲ್ಲಿ, 1972ರ ಭೀಕರ ಬರಗಾಲದ ಬೆನ್ನಿಗೆ, ಬಂಡೆ ಕೊರೆಯುವ ಯಂತ್ರಗಳು ಹಳ್ಳಿಗಳಿಗೆ ಬಂದಾಗ ಜನ ಅವನ್ನು ದೇವರ ತೇರಿನಂತೆ ಎದುರುಗೊಂಡರು. ನಮ್ಮೂರಿಗೆ ಕೈಪಂಪು ಬಂದದ್ದು ಆ ದಶಕದ ಕೊನೆಗೆ. ಅಣ್ಣನೇ ಮುಂದೆ ನಿಂತು ತೆಂಗಿನಕಾಯಿ ಒಡೆದ. ಮೆಟ್ಟಿಲುಬಾವಿಗೆ ಇಳಿಯುವುದು ನಿಂತಿತು, ನಾರುಹುಣ್ಣು ಹೋಯಿತು. 1996ರಲ್ಲಿ ರಾಜಸ್ಥಾನದಲ್ಲಿ ಕಡೆಯ ರೋಗಿ. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಸಾರಲಾಯಿತು. ಕೊಳವೆಬಾವಿ ಕೊರೆದವರನ್ನು ಇಂದು ಸುಲಭವಾಗಿ ದೂರುವವರು ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಕಡ್ಡಿಗೆ ಸುತ್ತಿಕೊಂಡ ನಾರನ್ನು ನೋಡಿದವನಾಗಿ ನಾನು ಅವರನ್ನು ದೂರಲಾರೆ.

ಅಷ್ಟು ಹೊತ್ತಿಗೆ ನಾನು ಓದಿಗಾಗಿ ಗುಲಬರ್ಗಾ ಸೇರಿದ್ದೆ. ಆಮೇಲೆ ನೌಕರಿ, ಊರೂರಿಗೆ ವರ್ಗ. ಅಣ್ಣ ಹೊಲ ನೋಡಿಕೊಂಡು ಊರಲ್ಲೇ ಉಳಿದ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಬಂತು. ಕೃಷ್ಣೆ ಹೊಲಕ್ಕೆ ಹರಿದಳು. ಕುಡಿಯುವ ಕೊಡಕ್ಕೆ ಮಾತ್ರ ಅದೇ ಕೈಪಂಪು. ಒಂದೇ ತಾಯಿಯ ಮಕ್ಕಳು ನಾವು ಇಪ್ಪತ್ತೈದು ವರ್ಷ ಬೇರೆ ಬೇರೆ ನೀರು ಕುಡಿದೆವು. ಆ ವ್ಯತ್ಯಾಸ ನಮ್ಮಿಬ್ಬರ ಗಮನಕ್ಕೂ ಬರಲಿಲ್ಲ. ಅವನ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡಿದಾಗ ನಾನು ಹಲ್ಲುಪುಡಿ ತಂದುಕೊಟ್ಟೆ. ಓದಿದವನು ಮಾಡಿದ್ದು ಇಷ್ಟು.

ಐವತ್ತರ ಹೊತ್ತಿಗೆ ಅಣ್ಣನಿಗೆ ಕುತ್ತಿಗೆ ತಿರುಗದಾಯಿತು. ಯಾರಾದರೂ ಕೂಗಿದರೆ ತೋಳ ತಿರುಗುವಂತೆ ಇಡೀ ದೇಹವನ್ನೇ ತಿರುಗಿಸುತ್ತಿದ್ದ. ಆಮೇಲೆ ಕೈಬೆರಳುಗಳಲ್ಲಿ ಜೋಮು. ಅಂಗಿಯ ಗುಂಡಿ ಹಾಕಲಾಗದು, ಕುಡಗೋಲು ಹಿಡಿತದಲ್ಲಿ ನಿಲ್ಲದು. ಹೆಬ್ಬೆರಳಿನ ಬುಡದ ಮಾಂಸ ಕರಗಿತು. ಊರವರು ವಾತವೆಂದರು, ಕೆಲವರು ಪೂರ್ವಕರ್ಮವೆಂದರು. ಒಬ್ಬ ವೈದ್ಯರು ವಯಸ್ಸಾಯಿತೆಂದು ನೋವಿನ ಗುಳಿಗೆ ಬರೆದುಕೊಟ್ಟರು. ಕಾಲು ಬಿಗಿತುಕೊಂಡು ಹೆಜ್ಜೆ ಎಳೆಯತೊಡಗಿದಾಗ ಹೈದರಾಬಾದಿಗೆ ಕರೆದೊಯ್ದೆ. ಅಲ್ಲಿಯ ವೈದ್ಯರು ಮಾತಾಡುವ ಮೊದಲು ಅಣ್ಣನ ಮೊಣಕಾಲ ಕೆಳಗೆ ಸುತ್ತಿಗೆಯಿಂದ ತಟ್ಟಿದರು. ಕಾಲು ಕುದುರೆ ಒದೆದಂತೆ ಚಿಮ್ಮಿತು. ಅಣ್ಣ ನನ್ನ ಕಡೆ ತಿರುಗಿ ನಕ್ಕ: “ನೋಡಿದ್ಯಾ, ಕಾಲಾಗ ಇನ್ನೂ ಕಸುವು ಐತಿ!” ವೈದ್ಯರು ನಗಲಿಲ್ಲ. ಆ ಚಿಮ್ಮುವಿಕೆಯ ಅರ್ಥವೇನೆಂದು ಅಂದು ನನಗೂ ಗೊತ್ತಿರಲಿಲ್ಲ.

ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ಅವರು ವಿವರಿಸಿದರು. ಗ್ರಾನೈಟಿನಂಥ ಕಲ್ಲುಗಳ ಕೆಲವು ಖನಿಜಗಳಲ್ಲಿ ಫ್ಲೋರೈಡು ಇರುತ್ತದೆ. ಆಳದಲ್ಲಿ ನಿಂತ, ಸುಣ್ಣದ ಅಂಶ ಕಡಿಮೆಯಿರುವ ಕ್ಷಾರದ ನೀರಿಗೆ ಅದು ಇಳಿದುಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಭಾರತದ ಮಾನಕ ಒಂದನ್ನೇ ಬಯಸುತ್ತದೆ, ಬೇರೆ ಜಲಮೂಲವಿಲ್ಲದೆಡೆ ಮಾತ್ರ ಒಂದೂವರೆಯವರೆಗೆ ಒಪ್ಪುತ್ತದೆ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಅದು ಹಲ್ಲನ್ನು ಕಲೆಗೆಡಿಸುತ್ತದೆ. ವರ್ಷಾನುಗಟ್ಟಲೆ ಕುಡಿದವರಲ್ಲಿ ಎಲುಬಿನ ಲವಣದೊಳಗೆ ತಾನೇ ಸ್ಥಾನ ಹಿಡಿದು ಎಲುಬನ್ನು ದಟ್ಟವಾಗಿಸುತ್ತದೆ. ಬೆನ್ನಿನ ಮಣಿಗಳನ್ನು ಬಂಧಿಸುವ ಕಟ್ಟುನಾರುಗಳು, ಬಾಗಲೆಂದೇ ಇರುವಂಥವು, ಎಲುಬಾಗಿ ಗಟ್ಟಿಯಾಗುತ್ತವೆ. ಒಳಗಿನ ಕೊಳವೆ ಕಿರಿದಾಗುತ್ತದೆ. ಕುತ್ತಿಗೆಯಲ್ಲಿ ಸುಮಾರು 17 ಮಿಲಿಮೀಟರು ಇರಬೇಕಾದ ದಾರಿ ಹತ್ತಕ್ಕೆ ಇಳಿದರೆ ಹುರಿಗೆ ಉಸಿರಾಡಲು ಎಡೆಯೆಲ್ಲಿ? ಮೊದಲು ನರದ ಬೇರುಗಳು ನುಗ್ಗುನುರಿಯಾಗುತ್ತವೆ: ಕೈಯ ಜೋಮು, ಮಾಂಸ ಕರಗುವುದು. ಬಳಿಕ ಹುರಿಯೇ ಅಮುಕಿಹೋಗುತ್ತದೆ: ಕಾಲಿನ ಬಿಗಿತ, ಮೂತ್ರದ ಹಿಡಿತ ತಪ್ಪುವುದು. ಮುಂಗೈಯ ಎರಡು ಎಲುಬುಗಳ ನಡುವಣ ತೆಳುಪರದೆಯೂ ಸುಣ್ಣಗಟ್ಟಿದ್ದನ್ನು ಚಿತ್ರದಲ್ಲಿ ಬೆರಳಿಟ್ಟು ತೋರಿಸಿ, ಈ ರೋಗದ ಮುದ್ರೆ ಇದೇ ಎಂದರು. ಎಲುಬಿನ ಫ್ಲೋರೋಸಿಸ್ ಆದವರಲ್ಲಿ ಹತ್ತಕ್ಕೊಬ್ಬರಿಗೆ ಹೀಗೆ ನರಗಳ ತೊಂದರೆ ತಲೆದೋರುತ್ತದೆಂಬ ಅಂದಾಜಿದೆ. ಬಾಗಿದ ಬೆನ್ನೆಲ್ಲ ನೀರಿನಿಂದಲೇ ಆದದ್ದಲ್ಲ ಎಂಬ ಎಚ್ಚರಿಕೆಯನ್ನೂ ಅವರು ಕೊಟ್ಟರು.

ಊರಿಗೆ ಮರಳಿದ ಮೇಲೆ ನಾನು ಗ್ರಂಥಾಲಯಗಳಲ್ಲಿ ಹುಡುಕಿದೆ. ಕಂಡದ್ದು ನನ್ನನ್ನು ನಾಚಿಸಿತು. 1937ರಷ್ಟು ಹಿಂದೆಯೇ ಎಚ್. ಇ. ಶಾರ್ಟ್ ಮತ್ತು ಅವರ ಸಂಗಡಿಗರು ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯ ಹಳ್ಳಿಗರಲ್ಲಿ ಈ ರೋಗವನ್ನು, ನರಗಳ ಪೀಡೆಯ ಸಮೇತ, ವರ್ಣಿಸಿ ಪ್ರಕಟಿಸಿದ್ದರು. (ಮುಂದೆ ಮಲೇರಿಯಾದ ಪರಾವಲಂಬಿ ಯಕೃತ್ತಿನಲ್ಲಿ ಅಡಗುವುದನ್ನು ತೋರಿಸಿ ಹೆಸರಾದವರೂ ಇವರೇ.) 1955ರಲ್ಲಿ ಡಾ. ಸಿದ್ದೀಕಿ ಎಂಬವರು ನಲ್ಗೊಂಡ ಜಿಲ್ಲೆಯ ರೋಗಿಗಳ ಬಗ್ಗೆ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಬರೆದರು. ಗಮನಿಸಿ: 1955ರಲ್ಲಿ ನಲ್ಗೊಂಡವೂ ನಮ್ಮ ಗುಲಬರ್ಗಾವೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಮರುವರ್ಷ ನವೆಂಬರಿನಲ್ಲಿ ರಾಜ್ಯಗಳು ಭಾಷೆಯ ಪ್ರಕಾರ ಬೇರೆಯಾದವು. ನಾವು ಹಬ್ಬ ಮಾಡಿದೆವು, ಮಾಡಬೇಕಾದದ್ದೇ. ಬಂಡೆಗೆ ಮಾತ್ರ ಭಾಷೆಯ ಗಡಿ ಗೊತ್ತಿರಲಿಲ್ಲ. ನಮ್ಮೂರಿನಲ್ಲಿ ಕೈಪಂಪು ನೆಡುವ ಹೊತ್ತಿಗೆ ನಲ್ಗೊಂಡದ ಹೆಸರಿನ ಶುದ್ಧೀಕರಣ ವಿಧಾನವೂ ಇತ್ತು. ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವ ಆ ಕ್ರಮವನ್ನು ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿತ್ತು. ಮುಂಡರಗಿ, ಪಾವಗಡಗಳ ಪಾಡು ನಮ್ಮ ಪತ್ರಿಕೆಗಳಲ್ಲೇ ಅಚ್ಚಾಗುತ್ತಿತ್ತು. ಜ್ಞಾನ ಇರಲಿಲ್ಲವೆಂದಲ್ಲ, ಅದು ಇಂಗ್ಲಿಷಿನಲ್ಲಿತ್ತು, ಗ್ರಂಥಾಲಯದಲ್ಲಿತ್ತು. ಇಂಗ್ಲಿಷ್ ಬಲ್ಲ, ಗ್ರಂಥಾಲಯದಲ್ಲೇ ಕಾಲ ಕಳೆದ ನಾನು ಹಲ್ಲುಪುಡಿ ಕೊಂಡುಹೋಗುತ್ತಿದ್ದೆ.

ಅಣ್ಣನಿಗೆ ಶಸ್ತ್ರಚಿಕಿತ್ಸೆಯಾಯಿತು. ಮಣಿಗಳ ಹಿಂದಿನ ಕಮಾನನ್ನು ಕೊರೆದು ತೆಗೆದು ಹುರಿಗೆ ಎಡೆ ಮಾಡಿಕೊಟ್ಟರು. ಅಮೃತಶಿಲೆಯನ್ನು ಕೊರೆದಂತಿತ್ತೆಂದು ವೈದ್ಯರು ಹೇಳಿದರು. ಕಾಲಿನ ಬಿಗಿತ ಸ್ವಲ್ಪ ಸಡಿಲಿತು, ಕೋಲೂರಿ ನಡೆಯುತ್ತಾನೆ. ಕೈಯ ಹಿಡಿತ ಮರಳಿ ಬರಲಿಲ್ಲ. ಸತ್ತ ನರತಂತುಗಳು ಹೊಲದ ಪೈರಿನಂತೆ ಮತ್ತೆ ಚಿಗುರುವುದಿಲ್ಲ.

ಯಾದಗಿರಿ ಬೇರೆ ಜಿಲ್ಲೆಯಾದ ಮೇಲೆ ನಮ್ಮೂರ ಪಂಪಿನ ನೀರನ್ನು ಪರೀಕ್ಷಿಸಿದರು, ಮಿತಿ ಮೀರಿತ್ತು. ಪಂಪಿಗೆ ಕೆಂಪು ಬಣ್ಣ ಬಳಿದರು. ಊರ ಬಾಗಿಲಲ್ಲಿ ನಾಣ್ಯ ಹಾಕಿದರೆ ನೀರು ಬಿಡುವ ಶುದ್ಧೀಕರಣ ಘಟಕ ನಿಂತಿತು. ಕೆಲವು ತಿಂಗಳು ನಡೆದು, ಕೆಟ್ಟು, ಮತ್ತೆ ನಡೆಯಿತು. ಈಗ ಮನೆಮನೆಗೆ ನಲ್ಲಿಯ ಕೊಳವೆ ಹಾಕಿದ್ದಾರೆ. ಕಳೆದ ಯುಗಾದಿಗೆ ನಾನು ಹೋದಾಗ ಅದರಲ್ಲಿ ವಾರಕ್ಕೆ ಎರಡು ದಿನ ನೀರು ಬರುತ್ತಿತ್ತು. ಹೊಸದಾಗಿ ಕಟ್ಟಿದ ಎತ್ತರದ ಟ್ಯಾಂಕಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಏನೋ ಬರೆದಿದ್ದರು. ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ತಲೆಯೆತ್ತಿ ನೋಡಲು ಅವನಿಗೆ ಬಾರದು.

“ಮ್ಯಾಲ ಏನು ಬರದಾರೋ, ಓದಿ ಹೇಳು” ಎಂದ.

ನಾನು ಓದಿ ಹೇಳಿದೆ. ಅದರೊಳಗಿನ ನೀರು ಎಲ್ಲಿಯದೆಂದು ಮಾತ್ರ ಅಲ್ಲಿ ಬರೆದಿರಲಿಲ್ಲ. ಅದನ್ನೇ ಕೇಳಿಬರಲು ಹೇಳಿ, ಮೊಮ್ಮಗನನ್ನು ಪಂಚಾಯಿತಿಗೆ ಕಳಿಸಿದ.